ಹೋದ್ರೂ ನಂದೇನ್ ಹೋಗಲ್ಲ ಅಂದ್ಯಲ್ಲ

ಪುಟ್ಟಿ,

ನಿನ್ನೆ ಫೋನಲ್ಲಿ, ಶೇರು ಮಾರ್ಕೆಟ್ಟಿನ ಆಪ್ಷನ್ಸಲ್ಲಿ 40 ಸಾವಿರ ಬಂತು ಅಂದಾಗ ನಂಗೂ ಖುಷಿನೇ ಆಯ್ತು, ಸುಳ್ಯಾಕೆ ಹೇಳ್ಲಿ. ಆದ್ರೆ ಆಮೇಲೆ "ಅದನ್ನೇ ಮತ್ತೆ ಹಾಕ್ತೀನಪ್ಪ, ಹೋದ್ರೂ ನಂದೇನ್ ಹೋಗಲ್ಲ" ಅಂದ್ಯಲ್ಲ, ಅದು ರಾತ್ರಿ ಪೂರ್ತಿ ತಲೆ ಕೊರೀತು. ಇದೇ ಮಾತನ್ನ ನಾನೂ ಆಡಿದ್ದೆ ಕಣೆ, 1998ರ ಹೊಸತೊಡಕಿನ ದಿನ, ಊರ ತೋಪಲ್ಲಿ ಅಂದರ್ ಬಾಹರಿಗೆ ಕೂತಾಗ.

ನಿಮ್ಮಮ್ಮಂಗೆ ಈ ಕತೆ ಅರ್ಧ ಮಾತ್ರ ಗೊತ್ತು. 500 ರೂಪಾಯಿ ಇಟ್ಕೊಂಡು ಕೂತೋನು ಕತ್ತಲಾಗೋ ಹೊತ್ಗೆ 11,000 ಮಾಡಿದ್ದೆ, ಆಗ ನನ್ನ ಸಂಬಳ ಮೂರು ಸಾವಿರ ಚಿಲ್ರೆ. ಎದ್ದು ಬರ್ಬೇಕಿತ್ತು ಅಂತೀಯ, ಎಲ್ರೂ ಅದೇ ಅಂತಾರೆ, ಆದ್ರೆ ಆ ದುಡ್ಡು ನಂದು ಅಂತ ಅನ್ಸೋದೇ ಇಲ್ಲ, ಸಂಬಳದ ನೂರು ರೂಪಾಯಿ ಇಡೋಕೆ ಕೈ ನಡುಗ್ತಿದ್ದೋನು ಗೆದ್ದಿದ್ದ ಸಾವಿರಾನ ಒಂದೇ ಆಟಕ್ಕೆ ಎಸೀತಿದ್ದೆ. ಆಮೇಲೆ 7,000ಕ್ಕೆ ಇಳೀತು. ಲೆಕ್ಕಕ್ಕೆ ನಾನಿನ್ನೂ ಆರೂವರೆ ಸಾವಿರ ಲಾಭದಲ್ಲೇ ಇದ್ದೆ, ಹೊಟ್ಟೇಲಿ ಮಾತ್ರ ಅಯ್ಯೋ ನಾಲ್ಕು ಸಾವಿರ ಹೋಯ್ತಲ್ಲಪ್ಪ ಅಂತ ಉರಿ! ಗೆದ್ದಾಗ ಯಾರ್ದೋ ಆಗಿದ್ದ ದುಡ್ಡು ಕಳ್ಕೊಳೋವಾಗ ನಂದಾಗ್ಬಿಡ್ತು. ಆ ನಾಲ್ಕು ಬರ್ಲಿ ಎದ್ಬಿಡ್ತೀನಿ ಅಂತ ಕೂತೆ.

ಎಷ್ಟೋ ವರ್ಷ ಆದ್ಮೇಲೆ ಓದ್ದೆ, ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ (2017ರಲ್ಲಿ ನೊಬೆಲ್ ಬಂತಲ್ಲ ಅವ್ರೇ) ಎರಿಕ್ ಜಾನ್ಸನ್ ಅನ್ನೋರ ಜೊತೆ 1990ರಲ್ಲೇ ಇದನ್ನ ಬರೆದಿದ್ರಂತೆ. ಗೆದ್ದೋರಿಗೆ ಅದು ಕ್ಯಾಸಿನೋದೋರ ದುಡ್ಡು ಅನ್ಸಿ ಧೈರ್ಯ ಜಾಸ್ತಿ ಆಗುತ್ತೆ, ಸೋತೋರು ಅಸಲು ವಾಪಸ್ ಬರೋ ಆಟ ಕಂಡ್ರೆ ಬಿಡಲ್ಲ. ನಂಗೆ ಒಂದೇ ರಾತ್ರೀಲಿ ಎರಡೂ ಆಯ್ತು. ಧರ್ಮರಾಯಂದೂ ಇದೇ ಪಾಡಲ್ವಾ, ಸೋತಿದ್ದೆಲ್ಲ ಧೃತರಾಷ್ಟ್ರ ವಾಪಸ್ ಕೊಟ್ಟು ಕಳ್ಸಿದ್ರೂ ಕರೆದ್ರು ಅಂತ ದಾರಿಯಿಂದ ತಿರುಗಿ ಬಂದು ಕೂತ.

ಶೇರು ಜೂಜಲ್ಲ ಅಂತೀಯ, ಇರ್ಲಿ. ಎಫ್ ಅಂಡ್ ಓ (ಫ್ಯೂಚರ್ಸು, ನಿನ್ನ ಆಪ್ಷನ್ಸು ಎರಡೂ ಸೇರಿ) ಆಡಿದ ನಮ್ಮಂಥ ನೂರು ಜನರಲ್ಲಿ 93 ಜನಕ್ಕೆ ಲಾಸು ಅಂತ 2024ರಲ್ಲಿ ಶೇರು ಮಾರ್ಕೆಟ್ ನೋಡ್ಕೊಳೋ ಸೆಬಿನೇ ಹೇಳಿದೆ.

ಬೆಳಗಿನ ಜಾವ ಬಸ್ ಚಾರ್ಜಿಗೆ ನಿಮ್ ದೊಡ್ಡಪ್ಪನ ಹತ್ರ 20 ರೂಪಾಯಿ ಇಸ್ಕೊಂಡೆ. ಅಮ್ಮಂಗೆ ಗೊತ್ತಿಲ್ದೇ ಇರೋ ಅರ್ಧ ಅದೇ.

ಆ ನಲವತ್ತನ್ನ ಇವತ್ತೇ ಸಂಬಳದ ಅಕೌಂಟಿಗೆ ಹಾಕ್ಕೊಂಡು ನಾಲ್ಕು ದಿನ ಸುಮ್ನೆ ನೋಡ್ತಿರು. ಭಾನುವಾರ ಫೋನ್ ಮಾಡಿದಾಗ, ಹೋದ್ರೂ ನಂದೇನ್ ಹೋಗಲ್ಲ ಅಂತ ಆಗ್ಲೂ ಅನ್ಸುತ್ತಾ ಹೇಳು.

ನಿನ್ನ ಅಪ್ಪ