ಅಡವಿ ದಾರಿಗೆ ಒಂದು ಕಂಬ ಸಾಲದು, ಎರಡು ಬೇಕು

ಮಾನ್ಯ ಸಂಪಾದಕರೇ,

ಮಳೆ ಹಿಡಿದು ಗುಡ್ಡ ಹಸಿರಾದ ಕೂಡಲೇ ಹುಬ್ಬಳ್ಳಿ-ಧಾರವಾಡದ ಕಾರು, ಬೈಕುಗಳು ಶನಿವಾರ, ರವಿವಾರ ಮೂರು ದಾರಿ ಹಿಡಿಯುತ್ತವೆ. ಒಂದು ಕಲಘಟಗಿ, ಕಿರವತ್ತಿ ಮೇಲಿಂದ ಯಲ್ಲಾಪುರಕ್ಕೆ, ಇನ್ನೊಂದು ಹಳಿಯಾಳದ ಮೇಲಿಂದ ದಾಂಡೇಲಿಗೆ, ಮತ್ತೊಂದು ಗದಗ, ಡಂಬಳ, ಡೋಣಿಯ ಕಡೆಯಿಂದ ಕಪ್ಪತಗುಡ್ಡಕ್ಕೆ. ಇಲ್ಲಿ ಅತಿವೇಗ ತಡೆಯಲು ಕ್ಯಾಮೆರಾ ಹಾಕಿ ಎಂಬ ಬೇಡಿಕೆ ಪ್ರತಿ ಅಪಘಾತದ ಮರುದಿನ ಏಳುತ್ತದೆ. ಬೇಡಿಕೆ ಸರಿಯಾದದ್ದೇ. ಆದರೆ ಊರೊಳಗೆ ನಿಲ್ಲಿಸುವಂಥ ಒಂಟಿ ಕ್ಯಾಮೆರಾವನ್ನೇ ತಂದು ಅಡವಿ ದಾರಿಯಲ್ಲೂ ನಿಲ್ಲಿಸಿದರೆ ರೊಕ್ಕ ಹೋಗುತ್ತದೆ, ವೇಗ ಇಳಿಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಎರಡು ಕಂಬಗಳ ನಡುವಿನ ಸರಾಸರಿ ವೇಗ ಅಳೆಯುವ ಜೋಡಿ ಕ್ಯಾಮೆರಾ.

ಒಂಟಿ ಕ್ಯಾಮೆರಾ ಅಳೆಯುವುದು ರಸ್ತೆಯ ಒಂದು ತುಣುಕಿನ ವೇಗವನ್ನು ಮಾತ್ರ. ಅದು ಎಲ್ಲಿದೆ ಎನ್ನುವುದು ಎರಡನೇ ವಾರಕ್ಕೆ ಎಲ್ಲರಿಗೂ ಗೊತ್ತಾಗಿರುತ್ತದೆ. ಗೊತ್ತಿಲ್ಲದವರಿಗೆ ಮೊಬೈಲಿನ ನಕ್ಷೆ ಹೇಳುತ್ತದೆ, ಎದುರಿನಿಂದ ಬರುವ ಗಾಡಿಯವರು ಲೈಟು ಮಿಣುಕಿಸಿ ಹೇಳುತ್ತಾರೆ. ಹಿಂದೆ ಕೂತವ "ಕ್ಯಾಮೆರಾ ಐತಿ, ಸಾವಕಾಶ" ಅನ್ನುತ್ತಾನೆ, ಕಂಬ ದಾಟಿದ ಮೇಲೆ ಅವನೇ "ಇನ್ನ ಏನೂ ಇಲ್ಲ, ಹೊಡಿ" ಅನ್ನುತ್ತಾನೆ. ಕಳೆದುಕೊಂಡ ಅರ್ಧ ನಿಮಿಷವನ್ನು ಮುಂದಿನ ತಿರುವಿನೊಳಗೆ ವಸೂಲು ಮಾಡುವ ಆತುರ ಬೇರೆ. ಹಸಿ ರಸ್ತೆಯಲ್ಲಿ ಕಂಬ ಕಂಡು ತಟ್ಟನೆ ಬ್ರೇಕ್ ಒತ್ತಿದವನಿಗೆ ಹಿಂದಿನವ ಗುದ್ದುವ ಅಪಾಯವೂ ಇದೆ.

ಇದಕ್ಕಿಂತ ದೊಡ್ಡ ತೊಡಕು ಇಂಥ ಕ್ಯಾಮೆರಾ ವೇಗ ಅಳೆಯಲು ಬಳಸುವ ರೇಡಾರಿನ, ಅಂದರೆ ರೇಡಿಯೊ ಅಲೆಯ ಯಂತ್ರದ, ಸ್ವಭಾವದಲ್ಲೇ ಇದೆ. ರೇಡಾರ್ ತನ್ನ ನೇರಕ್ಕೆ ಬರುವ ವೇಗವನ್ನಷ್ಟೇ ಸರಿಯಾಗಿ ಓದುತ್ತದೆ. ಗಾಡಿ ಓರೆಯಾಗಿ ಬಂದಷ್ಟೂ ಅಂಕಿ ಕಡಿಮೆಯಾಗುತ್ತದೆ. 20 ಡಿಗ್ರಿ ಓರೆಯಿದ್ದು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 80 ಕಿ.ಮೀ. ವೇಗದ ಗಾಡಿ 75 ಎಂದು ಕಾಣುತ್ತದೆ. ನೇರ ರಸ್ತೆಯಲ್ಲಿ ಈ ಓರೆಯನ್ನು ಒಮ್ಮೆ ಅಳೆದು ಯಂತ್ರಕ್ಕೆ ಹೇಳಿಕೊಟ್ಟರೆ ಮುಗಿಯಿತು. ತಿರುವಿನಲ್ಲಿ ಓರೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅಲ್ಲಿನ ಅಂಕಿಗೆ ಭರವಸೆಯಿಲ್ಲ. ಆದ್ದರಿಂದ ಅಳವಡಿಸುವವರು ನೇರ ತುಣುಕನ್ನೇ ಹುಡುಕುತ್ತಾರೆ. ಗಾಡಿಗಳು ಬೀಳುವುದು ತಿರುವಿನಲ್ಲಿ!

ತಿರುವಿನ ಲೆಕ್ಕ ಕಷ್ಟದ್ದಲ್ಲ. 60 ಮೀಟರ್ ತ್ರಿಜ್ಯದ ಒಂದು ತಿರುವು ಇದೆ ಎಂದುಕೊಳ್ಳಿ. ರಸ್ತೆ ವಿನ್ಯಾಸದಲ್ಲಿ ಬಳಸುವ, ತಿರುವಿನ ಹೊರಅಂಚನ್ನು ಎತ್ತರಿಸುವ ಇಳಿಜಾರಿನ ಮತ್ತು ಘರ್ಷಣೆಯ ಅಂಕಿಗಳನ್ನು ಹಾಕಿದರೆ ಅಲ್ಲಿ ಸುರಕ್ಷಿತ ವೇಗ ಗಂಟೆಗೆ ಸುಮಾರು 40 ಕಿ.ಮೀ. ಬರುತ್ತದೆ. 60ರಲ್ಲಿ ಹೋದರೆ ಟಯರು ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹಿಡಿತ ಕೊಡಬೇಕು. ಒಣ ಡಾಂಬರಿನ ಮೇಲೆ ಕೊಟ್ಟೀತು, ರಸ್ತೆಯಂಚಿನ ಗರಸು ಮೇಲೆ ಬಂದಿದ್ದರೆ ಕೊಡುವುದಿಲ್ಲ. 80ರಲ್ಲಿ ಬೇಕಾಗುವ ಹಿಡಿತವಂತೂ ಮಳೆಯಲ್ಲಿ ಸಾಮಾನ್ಯ ಬೈಕಿನ ಟಯರಿಗೆ ಸಿಗುವುದು ಕಷ್ಟ. ನೇರ ದಾರಿಯಲ್ಲೂ ಅಷ್ಟೇ: ಅಪಾಯ ಕಂಡು, ಬ್ರೇಕ್ ಒತ್ತಿ, ಗಾಡಿ ಪೂರ್ತಿ ನಿಲ್ಲಲು, ರಸ್ತೆಯ ಅಳತೆಗಳನ್ನು ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇಟ್ಟುಕೊಂಡಿರುವ ಅಂತರ 60 ಕಿ.ಮೀ.ಗೆ 80 ಮೀಟರ್, 80ಕ್ಕೆ 120 ಮೀಟರ್, 100ಕ್ಕೆ 180 ಮೀಟರ್.

ನಮ್ಮ ಕಡೆಯ ದಾರಿಗಳಿಗೆ ಇದರ ಮೇಲೆ ಇನ್ನಷ್ಟು ಸೇರಿಸಿಕೊಳ್ಳಬೇಕು. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಯತ್ತ ಸಾಗುವ ಎರಡು ಡಬ್ಬಿಯ ಟ್ರ್ಯಾಕ್ಟರನ್ನೇ ನೋಡಿ. ಗಂಟೆಗೆ 18 ಕಿ.ಮೀ. ವೇಗ, ಹಿಂದೆ ದೀಪವಿಲ್ಲ, ಪ್ರತಿಫಲಕ ಪಟ್ಟಿಯಿದ್ದರೂ ಇಳಿಬಿದ್ದ ಕಬ್ಬಿನ ಸೋಗೆಯಡಿ ಮುಚ್ಚಿರುತ್ತದೆ. ರಾತ್ರಿ ಡಿಮ್ ಹಾಕಿಕೊಂಡು 90ರಲ್ಲಿ ಬರುವ ಕಾರಿಗೆ ಅದು ಕಾಣುವುದು ಸುಮಾರು 60 ಮೀಟರ್ ಉಳಿದಾಗ. ಎರಡರ ನಡುವಿನ ವೇಗದ ಅಂತರ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್. ಕೈಯಲ್ಲಿರುವುದು ಮೂರು ಸೆಕೆಂಡ್. ಕಂಡದ್ದೇನೆಂದು ಗ್ರಹಿಸಿ ಕಾಲು ಬ್ರೇಕಿಗೆ ಬರಲು ಲೆಕ್ಕ ಹಿಡಿಯುವುದೇ ಎರಡೂವರೆ ಸೆಕೆಂಡ್. ಗದಗ ಜಿಲ್ಲೆಯ ಎರಿ ಸೀಮೆಯಲ್ಲಿ ಕಥೆ ಬೇರೆ. ಮಳೆ ಬಂದಾಗ ಹೊಲದಿಂದ ಏರಿ ಬಂದ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಕರಿಮಣ್ಣು ಡಾಂಬರಿನ ಮೇಲೆ ಸಾಬೂನಿನಂತೆ ಜಾರುತ್ತದೆ. ಅದೇ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ರಸ್ತೆಯನ್ನೇ ಅಲೆಅಲೆಯಾಗಿಸುತ್ತದೆ. 50ರಲ್ಲಿ ಗೊತ್ತಾಗದ ಉಬ್ಬು 90ರಲ್ಲಿ ಬೈಕಿನ ಮುಂಗಾಲಿಯನ್ನು ಎತ್ತಿಹಾಕುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ರಾಶಿ ಮಾಡುತ್ತಾರೆ. ಅದು ತಪ್ಪು ಎಂದು ಎಷ್ಟು ಸಲ ಹೇಳಿದರೂ ಕಣದ ಜಾಗ ಇಲ್ಲದ ರೈತ ಮಾಡಿಯೇ ಮಾಡುತ್ತಾನೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿನ ತೋಳ, ಕತ್ತೆಕಿರುಬ ಓಡಾಡುವುದು ಕತ್ತಲಲ್ಲಿ.

ಹೀಗಾಗಿ ಈ ದಾರಿಗಳಿಗೆ ಬೇಕಾದದ್ದು ಸರಾಸರಿ ವೇಗ ಅಳೆಯುವ ಜೋಡಿ ಕ್ಯಾಮೆರಾ. ಉದಾಹರಣೆಗೆ 7 ಕಿ.ಮೀ. ಉದ್ದದ ಒಂದು ಪಟ್ಟಿ ಆರಿಸಿ ಎರಡೂ ತುದಿಗೆ ಒಂದೊಂದು ಕ್ಯಾಮೆರಾ ನಿಲ್ಲಿಸುವುದು. ಮೊದಲನೆಯದು ನಂಬರ್ ಪ್ಲೇಟನ್ನೂ ಸಮಯವನ್ನೂ ಬರೆದುಕೊಳ್ಳುತ್ತದೆ, ಎರಡನೆಯದು ಅದೇ ಪ್ಲೇಟನ್ನು ಗುರುತಿಸಿ, ನಡುವೆ ಹಿಡಿದ ಸಮಯದಿಂದ ಸರಾಸರಿ ವೇಗ ಲೆಕ್ಕ ಹಾಕುತ್ತದೆ. 70 ಕಿ.ಮೀ. ಮಿತಿಯ ಕಾರು ಈ ಪಟ್ಟಿ ದಾಟಲು ಕನಿಷ್ಠ 6 ನಿಮಿಷ ಬೇಕು. 60ರ ಮಿತಿಯ ಬೈಕಿಗೆ 7 ನಿಮಿಷ. 4 ನಿಮಿಷ 12 ಸೆಕೆಂಡಿಗೆ ದಾಟಿದವ ಸರಾಸರಿ 100ರಲ್ಲಿ ಬಂದಿದ್ದಾನೆ, ಕಂಬದ ಹತ್ತಿರ ಎಷ್ಟೇ ಸಾಧುವಾಗಿದ್ದರೂ. ತಿರುವು ನೇರ ಎನ್ನುವ ಭೇದ ಇದಕ್ಕಿಲ್ಲ. ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್ ಮತ್ತು ಬಕ್ಸ್‌ಟನ್ ನಡುವಿನ 'ಕ್ಯಾಟ್ ಅಂಡ್ ಫಿಡಲ್' ಗುಡ್ಡದ ರಸ್ತೆ ಬೈಕಿನವರಿಗೆ ಅಚ್ಚುಮೆಚ್ಚಿನದು, ಅಪಘಾತಕ್ಕೂ ಹೆಸರಾದದ್ದು. ಅಲ್ಲಿ 2010ರಲ್ಲಿ ಹಾಕಿದ್ದು ಇದೇ ಬಗೆಯ ಕ್ಯಾಮೆರಾ. ಅಷ್ಟು ದೂರ ಯಾಕೆ, ನೆರೆಯ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ 2024ರಿಂದ ಸರಾಸರಿ ವೇಗ ಲೆಕ್ಕಕ್ಕೆ ಬರುತ್ತಿದೆ.

ಕೆಲಸ ಕೆಡುವುದು ಸಣ್ಣ ವಿಷಯಗಳಲ್ಲಿ. ಎರಡೂ ಕ್ಯಾಮೆರಾಗಳ ಗಡಿಯಾರ ಉಪಗ್ರಹದ ಸಮಯಕ್ಕೆ ಕೂಡಿರಬೇಕು. ಒಂದು ಸೆಕೆಂಡ್ ಹೆಚ್ಚುಕಡಿಮೆಯಾದರೆ 6 ನಿಮಿಷದಲ್ಲಿ ಬರುವ ತಪ್ಪು ಗಂಟೆಗೆ 0.2 ಕಿ.ಮೀ. ಮಾತ್ರ, ಅದು ನಗಣ್ಯ. ಒಂದು ಗಡಿಯಾರ ದಿನದಿನಕ್ಕೂ ಇಷ್ಟಿಷ್ಟು ಹಿಂದೆ ಬೀಳುತ್ತಿದ್ದು, ವಾರಗಟ್ಟಲೆ ಯಾರೂ ಸರಿಮಾಡದಿದ್ದರೆ ಮಾತ್ರ ಇಡೀ ದಾಖಲೆ ಕಸಕ್ಕೆ. ದೂರವನ್ನು ರಸ್ತೆಯ ನಡುಗೆರೆಯ ಮೇಲೆ ಅಳೆಯಬಾರದು. ತಿರುವಿನ ಒಳಮಗ್ಗುಲು ಹಿಡಿದು ಹೋಗುವ ಗಾಡಿ ನಡುಗೆರೆಗಿಂತ ಕಡಿಮೆ ದೂರ ಕ್ರಮಿಸುತ್ತದೆ, ಹಾಗಾಗಿ ಅವನ ವೇಗ ಇದ್ದದ್ದಕ್ಕಿಂತ ಹೆಚ್ಚು ಎಂದು ಬರುತ್ತದೆ. ಗಾಡಿ ಹೋಗಬಹುದಾದ ಅತಿ ಗಿಡ್ಡ ದಾರಿಯನ್ನೇ ಅಳತೆಗೆ ಹಿಡಿದರೆ ನಿರಪರಾಧಿಗೆ ದಂಡ ಬೀಳುವುದಿಲ್ಲ. ಪಟ್ಟಿಯ ನಡುವೆ ಚಹಾದಂಗಡಿ, ಫೋಟೊ ತೆಗೆಸಿಕೊಳ್ಳುವ ಜಾಗ ಇರಬಾರದು. ಐದು ನಿಮಿಷ ನಿಂತು ಚಹಾ ಕುಡಿದವನ ಸರಾಸರಿ ತಾನಾಗಿಯೇ ಇಳಿಯುತ್ತದೆ, ಅದನ್ನು ಕಂಡುಕೊಳ್ಳಲು ನಮ್ಮ ಹುಡುಗರಿಗೆ ಒಂದು ರವಿವಾರ ಸಾಕು.

ಬೈಕಿನ ಮುಂದಿನ ಪ್ಲೇಟಿನ ಅಕ್ಷರ 30 ಮಿಲಿಮೀಟರ್ ಎತ್ತರ, ಕಾರಿನದು 65. ಮುಂದಿನಿಂದ ಚಿತ್ರ ತೆಗೆದರೆ ಬೈಕು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಎರಡೂ ಕಂಬಗಳಲ್ಲಿ ಹಿಂಬದಿಯನ್ನು ನೋಡುವ ಕ್ಯಾಮೆರಾ ಇರಲೇಬೇಕು. ರಾತ್ರಿ ಕಣ್ಣಿಗೆ ಹೊಡೆಯದ ಇನ್‌ಫ್ರಾರೆಡ್ ಬೆಳಕು ಬೇಕು. ಕಂಬದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಕ್ಯಾಮೆರಾ ಬಾಯಿಗೆ ಬಲೆ ಕಟ್ಟುತ್ತದೆ. ಟೆಂಡರಿನಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸುವ ಕೆಲಸವನ್ನು ಬರೆಯದಿದ್ದರೆ ಎರಡು ತಿಂಗಳಲ್ಲಿ ಕ್ಯಾಮೆರಾ ಕುರುಡು. ಕಾಡಿನ ನಡುವೆ ನೆಟ್‌ವರ್ಕ್ ಇಲ್ಲದ ಜಾಗಗಳಿರುವುದರಿಂದ ಚಿತ್ರಗಳನ್ನು ಕಂಬದಲ್ಲೇ ಉಳಿಸಿಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುವ ವ್ಯವಸ್ಥೆಯಿರಬೇಕು. ಮೋಡ ಕವಿದ ಮಳೆಗಾಲದಲ್ಲಿ ಸೌರಫಲಕವನ್ನೇ ನೆಚ್ಚಿದರೆ ಗಾಡಿ ಹೆಚ್ಚಿರುವ ದಿನವೇ ಬ್ಯಾಟರಿ ಬರಿದಾಗುತ್ತದೆ.

ಇನ್ನು ಕಾನೂನು. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮದ ಪ್ರಕಾರ ಇಂಥ ಪ್ರತಿ ಯಂತ್ರಕ್ಕೂ ಅನುಮೋದನೆಯ ಪ್ರಮಾಣಪತ್ರ ಬೇಕು, ಅದನ್ನು ವರ್ಷವರ್ಷ ನವೀಕರಿಸಬೇಕು. ಕ್ಯಾಮೆರಾ ಪಟ್ಟಿ ಶುರುವಾಗುವ ಮೊದಲು ಎದ್ದು ಕಾಣುವ ಎಚ್ಚರಿಕೆ ಫಲಕ ಹಾಕಬೇಕು. ಅಪರಾಧ ನಡೆದ 15 ದಿನದೊಳಗೆ ನೋಟಿಸ್ ಹೋಗಬೇಕು, ಅದರಲ್ಲಿ ಪ್ಲೇಟ್ ಕಾಣುವ ಚಿತ್ರ, ಅಳೆದ ವೇಗ, ದಿನಾಂಕ, ಸಮಯ, ಸ್ಥಳ ಇರಬೇಕು. ಎಲ್ಲಿ ಹಾಕಬೇಕು ಎಂಬ ನಗರಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರೂ ಇದೆ. ಅಪಾಯ ಹೆಚ್ಚಿರುವ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳನ್ನೂ ನಿಯಮ ಹೇಳುತ್ತದೆ. "ಕದ್ದು ಹಿಡಿಯುತ್ತಾರೆ" ಎಂಬ ದೂರಿಗೆ ಉತ್ತರ ಅದರಲ್ಲೇ ಇದೆ: ಕದ್ದು ಹಿಡಿಯುವಂತಿಲ್ಲ.

ವೇಗದ ಮಿತಿಯ ಫಲಕವೇ ಇಲ್ಲದ ಕಡೆ ಕ್ಯಾಮೆರಾ ತಂದು ಫಲವಿಲ್ಲ. 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯಲ್ಲಿ ನಡುವೆ ವಿಭಜಕ ಇಲ್ಲದ ಇಂಥ ರಸ್ತೆಗೆ ಕಾರಿಗೆ 70, ಬೈಕಿಗೆ, ಬಸ್ಸಿಗೆ, ಲಾರಿಗೆ 60 ಎಂದಿದೆ. ಅದಕ್ಕಿಂತ ಕಡಿಮೆ ಮಿತಿ ಬೇಕಾದರೆ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ರಾಜ್ಯ ಅಧಿಸೂಚನೆ ಹೊರಡಿಸಿ ಫಲಕ ನಿಲ್ಲಿಸಬೇಕು. ನಿಲ್ಲಿಸಿದ ಫಲಕ ಕಾಣುತ್ತಿರಬೇಕು ಎನ್ನುವುದನ್ನೂ ಹೇಳಬೇಕಾಗಿದೆ, ಯಾಕೆಂದರೆ ಹುಟ್ಟುಹಬ್ಬದ ಬ್ಯಾನರ್ ಕಟ್ಟಲು ನಮ್ಮ ಕಡೆ ಅದಕ್ಕಿಂತ ಅನುಕೂಲದ ಕಂಬ ಇನ್ನೊಂದಿಲ್ಲ.

ಕ್ಯಾಮೆರಾ ಬರುವ ತನಕ ಊರವರು ಕೇಳುವುದು ಹಂಪ್ಸ್. ಸಾವಾದ ರಾತ್ರಿಯೇ ಜಲ್ಲಿ ಸುರಿದು ಕಟ್ಟಿದ, ಮೊಣಕಾಲುದ್ದ ಅಗಲದ, ಬಣ್ಣವಿಲ್ಲದ ಹಂಪ್ಸು ಮುಂದಿನ ಸಾವಿಗೆ ಕಾರಣವಾಗುತ್ತದೆ. ರೋಡ್ಸ್ ಕಾಂಗ್ರೆಸ್ಸಿನ ಅಳತೆ 3.7 ಮೀಟರ್ ಅಗಲ, ನಡುವಿನಲ್ಲಿ 10 ಸೆಂಟಿಮೀಟರ್ ಎತ್ತರ, ಕಪ್ಪು-ಬಿಳಿ ಪಟ್ಟೆ, 40 ಮೀಟರ್ ಮೊದಲೇ ಫಲಕ. ಅದೂ ಊರ ಒಳಗೆ ಸರಿ, ಅಡವಿಯ ತಿರುವಿನಲ್ಲಿ ಅಲ್ಲ. ತಿರುವಿಗೆ ಬೇಕಾದದ್ದು ಬಾಣದ ಗುರುತಿನ ಫಲಕಗಳ ಸಾಲು, ರಾತ್ರಿ ಹೊಳೆಯುವ ಸ್ಟಡ್, ಕಂದಕದ ಕಡೆ ಉಕ್ಕಿನ ತಡೆಗೋಡೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರದಾಚೆ ಎದುರಿನ ಗಾಡಿಗೆ ದಾರಿ ಬಿಡಲು ಹೋಗಿ ಕಂದಕಕ್ಕೆ ಉರುಳಿತು. ಅಂಥದ್ದಕ್ಕೆ ಯಾವ ಕ್ಯಾಮೆರಾವೂ ಮದ್ದಲ್ಲ. 2024ರ ಜೂನ್ 28ರಂದು ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ 13 ಮಂದಿ ಸತ್ತದ್ದು ನಿಂತ ಲಾರಿಗೆ ಗುದ್ದಿ. ಅಲ್ಲಿ ವೇಗ ಅಳೆಯುವುದರ ಜೊತೆಗೆ ಹೆದ್ದಾರಿಯಂಚಿನ ಲಾರಿಗಳನ್ನು ಎಬ್ಬಿಸುವ ಗಸ್ತೂ ಬೇಕು.

ದಂಡದ ಬಗ್ಗೆ ಒಂದು ಮಾತು. ಕಾಯ್ದೆಯ 183ನೇ ಕಲಮಿನಲ್ಲಿ ಅತಿವೇಗಕ್ಕೆ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ. ನೋಟಿಸ್ ಹೋಗುವುದು ದಾಖಲೆಯಲ್ಲಿರುವ ಮಾಲೀಕನಿಗೆ. ಸೆಕೆಂಡ್ ಹ್ಯಾಂಡ್ ಬೈಕು ಮಾರಿ, ಮಾಲೀಕನ ಹೆಸರು ಬದಲಿಸುವ 29, 30ನೇ ನಮೂನೆ ತುಂಬದೆ ಬಿಟ್ಟವರಿಗೆ ಯಾರೋ ಓಡಿಸಿದ ವೇಗದ ಬಿಲ್ಲು ಬರುತ್ತದೆ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಟ್ಟ ತಂದೆತಾಯಿಗೆ 199ಎ ಕಲಮಿನಲ್ಲಿ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇಷ್ಟೆಲ್ಲ ಇಟ್ಟುಕೊಂಡು, 2023ರ ಫೆಬ್ರುವರಿಯಲ್ಲಿ ಮಾಡಿದಂತೆ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿಯನ್ನು ಆಗಾಗ ಕೊಡುತ್ತ ಹೋದರೆ ಜನ ದಂಡ ಕಟ್ಟದೆ ರಿಯಾಯಿತಿಗಾಗಿ ಗಣಪತಿ ಹಬ್ಬದ ಸೀರೆ ಮಾರಾಟಕ್ಕೆ ಕಾದಂತೆ ಕಾಯುತ್ತಾರೆ. ಅತಿವೇಗದ ದಂಡವನ್ನಾದರೂ ಆ ರಿಯಾಯಿತಿಯಿಂದ ಹೊರಗಿಡಬೇಕು.

ಎಲ್ಲಿಂದ ಶುರು? ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಮೊದಲು ಕಲಘಟಗಿ-ಕಿರವತ್ತಿ ನಡುವೆ ಕವಲು ಕಡಿಮೆಯಿರುವ ಒಂದು ಪಟ್ಟಿ ಆರಿಸಲಿ. ದಂಡವಿಲ್ಲದೆ ಎರಡು ವಾರ, ರವಿವಾರಗಳೂ ಸೇರಿ, ಗಾಡಿಗಳ ವೇಗ ಎಣಿಸಲಿ. ನೂರರಲ್ಲಿ 85 ಗಾಡಿ ಯಾವ ವೇಗದೊಳಗೆ ಹೋಗುತ್ತವೆ ಎಂಬ ಅಂಕಿ ಸಿಕ್ಕರೆ ಮಿತಿ ಎಷ್ಟಿಡಬೇಕು, ಯಾವ ತಿರುವಿಗೆ ಫಲಕ ಬೇಕು ಎನ್ನುವುದು ಗೊತ್ತಾಗುತ್ತದೆ. ಕ್ಯಾಮೆರಾ ಹಾಕಿ ಆರು ತಿಂಗಳಿಗೆ ಅದೇ ಎಣಿಕೆ ಮತ್ತೊಮ್ಮೆ ಮಾಡಿ ಎರಡೂ ಅಂಕಿಗಳನ್ನು ಪತ್ರಿಕೆಗಳಿಗೆ ಕೊಡಲಿ. ಪಟ್ಟಿ ಉತ್ತರ ಕನ್ನಡದ ಗಡಿ ದಾಟುವುದಾದರೆ ಎರಡೂ ಜಿಲ್ಲೆಗಳ ಪೊಲೀಸರು ನೋಟಿಸ್ ಯಾರು ಕಳಿಸುವುದೆಂದು ಕಂಬ ನೆಡುವ ಮೊದಲೇ ಬರೆದುಕೊಳ್ಳಬೇಕು. ಅಂದಹಾಗೆ, ಇಂಥ ದಾರಿಯಲ್ಲಿ 20 ಕಿ.ಮೀ.ಗೆ 60ರ ಬದಲು 90ರಲ್ಲಿ ಹೋದರೆ ಉಳಿಯುವುದು 6 ನಿಮಿಷ 40 ಸೆಕೆಂಡ್, ಅದೂ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಸಿಗದಿದ್ದರೆ.

ಇಂತಿ,
ಓರ್ವ ಓದುಗ, ಧಾರವಾಡ