ಪೂರ್ತಿ ತೋರಿಸಿ ಎಂದು ಕೇಳಿ: ಹಾಸನ ಜಿಲ್ಲೆಯ ಶಾಸಕರಿಗೊಂದು ಬಹಿರಂಗ ಪತ್ರ

ಜಿಲ್ಲೆಯ ಏಳೂ ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರ.

ಮೂವತ್ತು ವರ್ಷ ಮದುವೆ, ನಾಮಕರಣ, ಜಾತ್ರೆಗಳ ವಿಡಿಯೊ ತೆಗೆದು ಸಂಸಾರ ಸಾಗಿಸಿದವನು ನಾನು. ರಾಜಕೀಯ ಸಮಾವೇಶಗಳಿಗೂ ಕ್ಯಾಮೆರಾ ಹೊತ್ತಿದ್ದೇನೆ. ಕೆಲವರ ಬಾಕಿ ಇನ್ನೂ ಬಂದಿಲ್ಲ, ಅದು ಬೇರೆ ಪತ್ರದ ವಿಷಯ.

ಬೇಲೂರು ಚೆನ್ನಕೇಶವನ ತೇರಿನ ನನ್ನ ಹಳೆಯ ಕ್ಯಾಸೆಟ್ ಒಂದನ್ನು ಈಚೆಗೆ ಸ್ಟುಡಿಯೊ ಒಂದಕ್ಕೆ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿದೆ. ಹಳೆಯ ಟಿವಿಯ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು, ಈಗಿನದು ಹದಿನಾರಕ್ಕೆ ಒಂಬತ್ತು. ಎಡಬಲಕ್ಕೆ ಕಪ್ಪು ಪಟ್ಟಿ ಉಳಿದರೆ ಗಿರಾಕಿ ಜಗಳಕ್ಕೆ ಬರುತ್ತಾನೆಂದು ಅಲ್ಲಿನ ಹುಡುಗ ಚಿತ್ರವನ್ನು ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದ್ದ. ಕಾಲು ಭಾಗ ಹೋಗಿತ್ತು. ಮೇಲೆ ತೇರಿನ ಕಳಶ ಮಾಯ. ಕೆಳಗೆ, ತೇರಿನ ಸಮಯದ ರೂಢಿಯಂತೆ ಕುರಾನ್ ಓದಲು ಮೌಲ್ವಿಯವರು ನಿಂತಿದ್ದ ಜಾಗದಲ್ಲಿ ಬಿಳಿ ಟೋಪಿಯ ಅಂಚು ಮಾತ್ರ. ಕುರಾನ್ ಪಠಣ ಕೇಳಿಸುತ್ತದೆ, ಓದುವವರು ಕಾಣಿಸುವುದಿಲ್ಲ.

ಈ ಕುರಾನ್ ಪಠಣದ ರೂಢಿ ಬೇಕೋ ಬೇಡವೋ ಎಂದು ಈಚಿನ ವರ್ಷಗಳಲ್ಲಿ ಎದ್ದ ಗದ್ದಲ ನಿಮಗೆ ಗೊತ್ತೇ ಇದೆ. ಈ ತುಣುಕು ವಾಟ್ಸ್‌ಆ್ಯಪ್ ಸೇರಿದ್ದರೆ? ಕಳಶಕ್ಕೆ ಕತ್ತರಿ ಹಾಕಿದವರಾರು ಎಂದು ಒಂದು ಗುಂಪು, ಮೌಲ್ವಿಯವರನ್ನು ಅಳಿಸಿದವರಾರು ಎಂದು ಇನ್ನೊಂದು ಗುಂಪು ನಿಮ್ಮ ಕಚೇರಿ ಬಾಗಿಲಿಗೆ ಬರುತ್ತಿತ್ತು. ಪಾಪ, ಆ ಹುಡುಗನಿಗಿದ್ದ ಚಿಂತೆ ಕಪ್ಪು ಪಟ್ಟಿಯದು.

ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಅಂದರೆ 1927ರಲ್ಲಿ ಬ್ರಿಟಿಷರು ಹಳೆಯ ದಂಡ ಸಂಹಿತೆಗೆ ಸೇರಿಸಿದ 295ಎ, ಧಾರ್ಮಿಕ ಭಾವನೆ ಕೆರಳಿಸಿದವನಿಗೆ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ಅದು ಬೇಕೆಂದೇ, ದುರುದ್ದೇಶದಿಂದ ಮಾಡಿದ್ದಾಗಿರಬೇಕು. 1957ರಲ್ಲಿ ಈ ಕಲಮನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಅರಿವಿಲ್ಲದೆಯೋ ಅಜಾಗರೂಕತೆಯಿಂದಲೋ ಆದ ಅವಮಾನ ಇದರೊಳಗೆ ಬರುವುದಿಲ್ಲ ಎಂದೂ ಹೇಳಿತು. ‘ಸಾಹೇಬರೇ ಫೋನ್ ಮಾಡಿದ್ದಾರೆ’ ಎಂಬ ಮಾತು ಠಾಣೆ ತಲುಪಿದ ಮೇಲೆ ಇದನ್ನೆಲ್ಲ ಯಾರು ಸೋಸುತ್ತಾರೆ?

2010ರ ಮಾರ್ಚ್ 1 ನನಗೆ ಮರೆತಿಲ್ಲ. ಬುರ್ಖಾ ಕುರಿತು ಬಾಂಗ್ಲಾದೇಶದ ಲೇಖಕಿ ತಸ್ಲಿಮಾ ನಸ್ರೀನ್ ಹೆಸರಿನಲ್ಲಿ ಕನ್ನಡ ಪತ್ರಿಕೆಯೊಂದರಲ್ಲಿ ಬಂದ ಲೇಖನಕ್ಕೆ ಹಾಸನ, ಶಿವಮೊಗ್ಗಗಳಲ್ಲಿ ಗಲಭೆಯಾಯಿತು. ಶಿವಮೊಗ್ಗದಲ್ಲಿ ಜೀವವೂ ಹೋಯಿತು. ತಾವು ಯಾವ ಕನ್ನಡ ಪತ್ರಿಕೆಗೂ ಬರೆದೇ ಇಲ್ಲ ಎಂದು ಲೇಖಕಿ ಆಮೇಲೆ ಹೇಳಿದರು. ಅಂದು ಅಂಗಡಿಯ ಷಟರ್ ಎಳೆದು ಒಳಗೆ ಕುಳಿತಿದ್ದೆ. ಸಂಜೆ ಆ ಲೇಖನ ಓದೋಣವೆಂದು ವಿಚಾರಿಸಿದರೆ ನಮ್ಮ ಬೀದಿಯಲ್ಲಿ ಒಬ್ಬರ ಬಳಿಯೂ ಪತ್ರಿಕೆ ಇರಲಿಲ್ಲ. ಲೇಖನದ ಬಗ್ಗೆ ಅಭಿಪ್ರಾಯ ಮಾತ್ರ ಎಲ್ಲರ ಬಳಿಯೂ ಇತ್ತು.

ಪತ್ರಿಕೆಗಳಿಗೆ ಸ್ವಾತಂತ್ರ್ಯ ಬೇಕು, ನನಗೆ ಹಿಡಿಸದ್ದನ್ನು ಬರೆಯುವ ಸ್ವಾತಂತ್ರ್ಯವೂ ಬೇಕು. ಇದು ಯಾರ ಬರಹ, ಯಾವಾಗಿನದು, ಅವರ ಒಪ್ಪಿಗೆ ಇದೆಯೇ ಎಂದು ನೋಡುವುದು ಸಂಪಾದಕರ ಹೊಣೆ. ಅದರಲ್ಲಿ ತಪ್ಪಿದರೆ ಓದುಗರು ಮುಖಕ್ಕೆ ಹೊಡೆದಂತೆ ಕೇಳಲಿ. ಕಲ್ಲಿಗೆ ಅಲ್ಲಿ ಕೆಲಸವಿಲ್ಲ. ಮೆರವಣಿಗೆ, ಹಿಂಸೆಯ ಬೆದರಿಕೆಗೆ ಹೆದರಿ ಸಿನಿಮಾವೊಂದರ ಬಾಯಿ ಮುಚ್ಚಿಸುವಂತಿಲ್ಲ ಎಂದು 1989ರ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನನ್ನ ಕೋರಿಕೆ ಸಣ್ಣದು. ಭಾವನೆಗೆ ಧಕ್ಕೆಯಾಯಿತೆಂದು ಮೊಬೈಲ್ ಹಿಡಿದುಕೊಂಡು ನಿಯೋಗ ಬಂದಾಗ ಕೂರಿಸಿ, ಕಾಫಿ ಕೊಡಿ, ಮನವಿ ಸ್ವೀಕರಿಸುವ ಫೋಟೊ ಬೇಕಿದ್ದರೆ ತೆಗೆಸಿಕೊಳ್ಳಿ. ಆಮೇಲೆ ‘ಪೂರ್ತಿ ತೋರಿಸಿ’ ಎಂದು ಕೇಳಿ. ಎರಡೂವರೆ ಗಂಟೆಯ ಸಿನಿಮಾ ಆದರೆ ಎರಡೂವರೆ ಗಂಟೆ ಅವರ ಜೊತೆಗೇ ಕುಳಿತು ನೋಡಿ. ನೋಡಿಯೂ ನೋವಾದರೆ ಸದನದಲ್ಲಿ ಮಾತಾಡಿ, ಪತ್ರಿಕೆಗೆ ಬರೆಯಿರಿ. ಅಲ್ಲಿಯವರೆಗೆ ಠಾಣೆಗೆ ಫೋನ್ ಬೇಡ.

ಮೂಲ ಕ್ಯಾಸೆಟ್ ನನ್ನ ಬಳಿ ಕೆಡದೆ ಉಳಿದಿದೆ. ಕಪ್ಪು ಪಟ್ಟಿ ಬಂದರೂ ಚಿಂತೆಯಿಲ್ಲ ಎಂದು ಹೇಳಿ ಅದೇ ಹುಡುಗನ ಕೈಯಲ್ಲಿ ಮತ್ತೊಮ್ಮೆ ಹಾಕಿಸಿದ್ದೇನೆ. ಪ್ರತಿ ಬೇಕಾದವರು ತಿಳಿಸಿ, ಕಳುಹಿಸುತ್ತೇನೆ. ಅದರಲ್ಲಿ ಕಳಶವೂ ಇದೆ, ಮೌಲ್ವಿಯವರೂ ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಹಳೆಯ ವಿಡಿಯೊಗ್ರಾಫರ್