ಬೇಲಿಗೆ ಕಪ್ಪು ಬಣ್ಣ ಯಾಕೆ ಅಂತ ಕೇಳಿದೆಯಲ್ಲ, ಅಮ್ಮ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾವು ಮೂವರೂ ಆರಾಮ. ಅಪ್ಪನ ಮಂಡಿ ನೋವು ಈಗ ಹೇಗಿದೆ? ಮಾತ್ರೆ ಸರಿಯಾಗಿ ತಗೊಳ್ತಿದ್ದಾರಾ, ಇಲ್ಲ ಡಬ್ಬಿಯಲ್ಲೇ ಇದೆಯಾ?

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಹಿತ್ತಲು ತೋರಿಸಿದಾಗ ನೀನು ಆಡಿದ ಮೊದಲ ಮಾತೇ "ಅಯ್ಯೋ, ಬೇಲಿಗೆ ಯಾಕೋ ಕಪ್ಪು ಬಳಿದೆ, ಬೇರೆ ಬಣ್ಣ ಸಿಗಲಿಲ್ವಾ?" ಅಂತ. ಉತ್ತರ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಅಕ್ಕನೂ ಹೊಸ ಮನೆಯ ಹಿಂದೆ ಬೇಲಿ ಹಾಕಿಸಬೇಕು ಅಂತಿದ್ದಾಳಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವಳಿಗೂ ಓದಿ ಹೇಳು.

ಕಪ್ಪಿನ ವಿಷಯಕ್ಕೆ ಬರುವ ಮೊದಲು ಹಳೇ ಬೇಲಿಯ ಕಥೆ ಹೇಳಬೇಕು. ಆರಡಿ ಎತ್ತರ, ಹಲಗೆಗೆ ಹಲಗೆ ಒತ್ತಿ ಕೂರಿಸಿದ್ದು, ಸೂಜಿ ತೂರುವಷ್ಟೂ ಸಂದಿರಲಿಲ್ಲ. ನಾವು ಮನೆ ತಗೊಂಡಾಗಲೇ ಇತ್ತು. ಯಾರೂ ಇಣುಕುವ ಹಾಗಿಲ್ಲ ಅಂತ ನಾನೂ ಬೀಗಿದ್ದೆ. ಚಳಿಗಾಲದಲ್ಲಿ ಒಂದು ರಾತ್ರಿ ಗಾಳಿ ಎದ್ದಿತು ನೋಡು. ಬೆಳಗ್ಗೆ ಪರದೆ ಸರಿಸಿದರೆ ಬೇಲಿಯ ಮೂರು ಭಾಗ ಅಂಗಾತ ಮಲಗಿವೆ, ಅದರಡಿಯಲ್ಲಿ ನನ್ನ ಗುಲಾಬಿ ಸಾಲು ಪೂರ್ತಿ ಅಪ್ಪಚ್ಚಿ. ಬೇಲಿಯೇ ಎದ್ದು ಹೊಲ ಮೇಯಿತು ಅಂತಾರಲ್ಲ, ನಮ್ಮದು ಬಿದ್ದು ಮೇಯಿತು.

ಬಿದ್ದದ್ದನ್ನು ಎತ್ತಿ ಒಟ್ಟುವಾಗ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಸಂದಿಲ್ಲದ ಬೇಲಿ ಅಂದರೆ ದೋಣಿಯ ಹಾಯಿ ಬಿಚ್ಚಿ ನಿಲ್ಲಿಸಿದ ಹಾಗೆ. ಗಾಳಿಗೆ ದಾರಿಯೇ ಇಲ್ಲ, ಅಷ್ಟೂ ಭಾರ ಕಂಬದ ಮೇಲೆ. ಬೀಳದೆ ನಿಂತರೂ ಗಿಡಗಳಿಗೆ ಅಂಥ ಉಪಕಾರವೇನೂ ಇಲ್ಲ. ಗಾಳಿ ಮೇಲಿಂದ ಹಾರಿ ಈಚೆ ಬದಿಗೆ ಸುಳಿಯಾಗಿ ಇಳಿಯುತ್ತದೆ, ಗಿಡಗಳ ತಲೆ ತಿರುಚುತ್ತದೆ. ಅದೇ ಅರ್ಧ ಮರ, ಅರ್ಧ ಸಂದು ಇದ್ದರೆ ಬೇಲಿ ಜರಡಿಯ ಥರ ಕೆಲಸ ಮಾಡುತ್ತದೆ. ಗಾಳಿ ಒಳಗೆ ಬರುತ್ತದೆ, ಜೋರು ಕಳಕೊಂಡು ಬರುತ್ತದೆ. ಅದಕ್ಕೇ ಹೊಸ ಬೇಲಿಗೆ ಪಟ್ಟಿಗಳನ್ನು ಒಂದು ಈ ಕಡೆ, ಒಂದು ಆ ಕಡೆ ಹೊಡೆಸಿದ್ದೇನೆ. ನೇರ ನಿಂತು ನೋಡಿದರೆ ಆಚೆ ಏನೂ ಕಾಣುವುದಿಲ್ಲ. ಓರೆಯಾಗಿ ನೋಡಿದರೆ ಪಟ್ಟಿಗಳ ನಡುವೆ ಬೆಳಕಿನ ಗೆರೆ ಕಾಣುತ್ತದೆ. ಬೇಲಿಯ ಮುಖ ನಮಗೆ, ಬೆನ್ನು ಪಕ್ಕದವರಿಗೆ ಅನ್ನುವ ತಕರಾರೂ ಇದರಲ್ಲಿ ಇಲ್ಲ. ಎರಡೂ ಕಡೆ ಮುಖವೇ.

ಇನ್ನೊಂದು ವಿಷಯ ಅಪ್ಪನಿಗೆ. ಅಪ್ಪಾ, ಮುರಿದ ಕಂಬಗಳೆಲ್ಲ ಒಂದೇ ಕಡೆ ಮುರಿದಿದ್ದವು, ಸರಿಯಾಗಿ ನೆಲದ ಮಟ್ಟಕ್ಕೆ. ಅಗೆದು ಕಿತ್ತರೆ ಕೆಳಗೆ ಹೂತಿದ್ದ ತುದಿ ಇನ್ನೂ ಗಟ್ಟಿ. ಮೇಲಿನದ್ದೂ ಗಟ್ಟಿ. ನಡುವೆ ನಾಲ್ಕು ಬೆರಳಗಲ ಮಾತ್ರ ಒತ್ತಿದರೆ ಪುಡಿ ಪುಡಿ. ಮರ ಕೊಳೆಸುವ ಬೂಷ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಸದಾ ಸಿಗುವುದು ಆ ಜಾಗದಲ್ಲೇ. ಅದರ ಮೇಲೆ, ಹಿಂದೆ ಹಾಕಿದವರು ಯಾರೋ ಕಾಂಕ್ರೀಟನ್ನು ಕಂಬದ ಸುತ್ತ ಬಟ್ಟಲಿನ ಹಾಗೆ ಬಿಟ್ಟಿದ್ದರು. ಪ್ರತಿ ಮಳೆಗೂ ಅದರಲ್ಲಿ ನೀರು ತುಂಬಿ ಕಂಬ ನೆನೆಯುತ್ತಾ ಕೂತಿದೆ. ಈ ಸಲ ಆರಡಿ ಬೇಲಿಗೆ 8 ಅಡಿ ಕಂಬ ತಂದು 2 ಅಡಿ ನೆಲದೊಳಗೆ ಬಿಟ್ಟೆ. ಗುಂಡಿ ಎರಡೂವರೆ ಅಡಿ, ತಳಕ್ಕೆ ಅರ್ಧ ಅಡಿ ಜಲ್ಲಿ, ನೀರು ಬಸಿದು ಹೋಗಲಿ ಅಂತ. ಕಾಂಕ್ರೀಟನ್ನು ನೆಲಕ್ಕಿಂತ ಒಂಚೂರು ಮೇಲಕ್ಕೆ ತಂದು, ಕರಣೆಯಲ್ಲಿ ಸುತ್ತಲೂ ಇಳಿಜಾರು ಮಾಡಿದೆ. ಔಷಧಿ ಹಿಡಿಸಿದ ಮರ ಅಂದರೂ ಔಷಧಿ ಹೊರ ಪದರದಲ್ಲೇ ಜಾಸ್ತಿ. ಗರಗಸ ಹಾಕಿದ ಕಡೆ ಹಸಿ ಮರ ಬಾಯಿ ಬಿಟ್ಟುಕೊಂಡಿರುತ್ತದೆ. ಹಾಗಾಗಿ ಕೊಯ್ದ ತುದಿಗೆಲ್ಲ ಮತ್ತೆ ಔಷಧಿ ಬಳಿದೆ, ನೆತ್ತಿಗೊಂದು ಟೋಪಿ ಹಾಕಿದೆ. ರಸಮಟ್ಟ ಹಿಡಿದು ಒಂದೊಂದು ಕಂಬವನ್ನೂ ಎರಡು ಕಡೆಯಿಂದ ನೋಡಿ ನಿಲ್ಲಿಸಿದ್ದೇನೆ. ನೀವು ಇದ್ದಿದ್ದರೆ ಆದರೂ ಒಂದು ಓರೆ ಅಂತ ಹೇಳೇ ಹೇಳುತ್ತಿದ್ರಿ. ನಾಲ್ಕನೆಯದು ಒಂದು ಕೂದಲೆಳೆಯಷ್ಟು ಓರೆ ಇದೆ, ನಿಜ. ಅಗೆಯುವ ಮೊದಲು ನೆಲದಡಿ ಕರೆಂಟು, ನೀರು, ಗ್ಯಾಸಿನ ಪೈಪು ಎಲ್ಲೆಲ್ಲಿ ಹೋಗಿವೆ ಅಂತ ಗುರುತು ಹಾಕಿಸಿದೆ, ಆ ಭಯ ನಿಮಗೆ ಬೇಡ.

ಅಮ್ಮ, ಈಗ ಎತ್ತರದ ಮಾತು. ಅಕ್ಕನೂ "ಸುತ್ತಲೂ ಆರಡಿ" ಅಂದಳಲ್ಲ, ಅಲ್ಲೇ ಎಡವುವುದು. ಸುತ್ತಲೂ ಒಂದೇ ಎತ್ತರದ ಗೋಡೆ ನಿಂತರೆ ಸಣ್ಣ ಹಿತ್ತಲು ಪೆಟ್ಟಿಗೆಯ ಹಾಗೆ ಕಾಣುತ್ತದೆ. ನಾನು ಏನು ಮಾಡಿದೆ ಗೊತ್ತಾ? ನಾವು ದಿನಾ ಕೂರುವ ಜಾಗದಲ್ಲಿ ಕುರ್ಚಿ ಹಾಕಿ ಕೂತೆ. ಎರಡು ಗೂಟಕ್ಕೆ ಹಗ್ಗ ಕಟ್ಟಿ ಹಳೇ ಬೆಡ್‌ಶೀಟ್ ಇಳಿಬಿಟ್ಟು, ಪುಟ್ಟಿಯ ಕೈಲಿ ಹಗ್ಗ ಮೇಲೆ ಕೆಳಗೆ ಮಾಡಿಸಿದೆ. ಅವಳಿಗೆ ಆಟ, ನನಗೆ ಕೆಲಸ. ಕೂತಾಗ ಕಣ್ಣು ನಾಲ್ಕಡಿಯೊಳಗೇ ಇರುತ್ತದೆ. ಆರಡಿ ಬೇಕಾದದ್ದು ಒಂದೇ ಮೂಲೆಗೆ, ಪಕ್ಕದ ಮನೆಯ ಕಿಟಕಿ ನಮ್ಮ ಕುರ್ಚಿಗೆ ನೇರ ಇರುವ ಕಡೆ. ಹಿಂಬದಿಗೆ ನಾಲ್ಕಡಿ ಸಾಕಾಯಿತು. ಅಲ್ಲಿ ಆಚೆ ಮನೆಯವರ ದೊಡ್ಡ ಮರ ಇದೆ. ಹಳೇ ಬೇಲಿ ಅದರ ಅರ್ಧ ಮುಚ್ಚಿತ್ತು. ಈಗ ಆ ಮರ ನಮ್ಮದೇ ಹಿತ್ತಲಿನದು ಅನ್ನಿಸುತ್ತದೆ, ಎಲೆ ಗುಡಿಸುವ ಕೆಲಸ ಮಾತ್ರ ಅವರಿಗೆ.

ಇದು ನನ್ನ ತಲೆಗೆ ಹೊಳೆದದ್ದಲ್ಲ. ಜಪಾನಿನ ತೋಟಗಾರರು ಇದನ್ನು ಶಕ್ಕೇ ಅನ್ನುತ್ತಾರೆ, ಎರವಲು ತಂದ ನೋಟ ಅಂತ. ಕ್ಯೋಟೋದ ಎಂತ್ಸೂಜಿ ದೇಗುಲದ ತೋಟಕ್ಕೆ ಕತ್ತರಿಸಿದ ಗಿಡಗಳ ತಗ್ಗು ಬೇಲಿ ಇದೆ. ಅದರಾಚೆ ದೂರದಲ್ಲಿ ಹಿಯೇ ಬೆಟ್ಟ, ತೋಟದ್ದೇ ಭಾಗ ಅನ್ನುವ ಹಾಗೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಶ್ರೀಮಂತರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇಲಿಯೇ ಕಾಣಬಾರದು ಅಂತ ಕಂದಕ ತೋಡಿ, ಅದರ ಒಂದು ಬದಿಗೆ ಗೋಡೆ ಕಟ್ಟಿಬಿಡುತ್ತಿದ್ದರು. ದನ ಕುರಿ ದಾಟುವುದಿಲ್ಲ, ಮನೆಯಿಂದ ನೋಡಿದರೆ ಹುಲ್ಲು ಒಂದೇ ಸಮ ಹಾಸಿದ ಹಾಗೆ. ಅದಕ್ಕೆ ಹೆಸರು "ಹಾ-ಹಾ". ಪುಟ್ಟಿಗೆ ಹೇಳಿದೆ, ಎರಡು ದಿನ ಮನೆಯೆಲ್ಲ ಹಾ-ಹಾ.

ಈಗ ನಿನ್ನ ಕಪ್ಪಿಗೆ ಬರುತ್ತೇನೆ. ಮೊದಲು ಬಿಳಿ ಬಳಿಯೋಣ ಅಂತಲೇ ಇದ್ದೆ. ಒಂದು ಹಲಗೆಗೆ ಬಿಳಿ, ಒಂದಕ್ಕೆ ಜೇನು ಬಣ್ಣ, ಒಂದಕ್ಕೆ ಕಪ್ಪು ಬಳಿದು, ಒಂದೇ ಜರಿಗಿಡದ ಹಿಂದೆ ಒಂದೊಂದಾಗಿ ನಿಲ್ಲಿಸಿ ನೋಡಿದೆ. ಬಿಳಿಯ ಮುಂದೆ ಬಿಸಿಲಿಗೆ ಕಣ್ಣು ಕುಕ್ಕಿ ಗಿಡ ನೆರಳಿನ ಹಾಗೆ ಮಂಕಾಯಿತು. ಜೇನು ಬಣ್ಣದ ಮುಂದೆ ಎಲೆಯೂ ಹಲಗೆಯೂ ಜಗಳಕ್ಕೆ ನಿಂತ ಹಾಗಿತ್ತು. ಕಪ್ಪು ಹಲಗೆ ನಿಲ್ಲಿಸಿದ ತಕ್ಷಣ ಹಲಗೆ ಹಿಂದೆ ಸರಿಯಿತು, ಎಲೆಯ ಒಂದೊಂದು ಹಲ್ಲೂ ಎಣಿಸುವ ಹಾಗೆ ಎದ್ದು ಬಂತು. ಬೇಲಿ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ತಿಳಿಯದೆ ಜಾಗವೂ ಸ್ವಲ್ಪ ದೊಡ್ಡದು ಅನ್ನಿಸುತ್ತದೆ. ನೀನು ನೋಡಿದ್ದು ಇನ್ನೂ ಗಿಡ ಏರದ ಬೋಳು ಬೇಲಿ, ಅದಕ್ಕೇ ಹಾಗೆ ಕಂಡಿದ್ದು.

ಆದರೆ ಕಪ್ಪು ಬಿಸಿಲು ಹೀರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಇಡೀ ದಿನ ಬಿಸಿಲು ಬೀಳುವ ಕಡೆ ಅದಕ್ಕೆ ಆತುಕೊಂಡ ಎಳೆ ಬಳ್ಳಿ ಬಾಡಬಹುದು. ಅಕ್ಕನ ಹಿತ್ತಲಿಗೆ ಬಿಸಿಲು ಜಾಸ್ತಿ ಇದ್ದರೆ ಗಾಢ ಹಸಿರೋ, ಬೂದು ಬಣ್ಣವೋ ಒಳ್ಳೇದು. ಪ್ಲಾಸ್ಟಿಕ್ ಬೇಲಿ ತಗೊಂಡು ಅದಕ್ಕೆ ಕಪ್ಪು ಬಳಿಯುವುದಂತೂ ಬೇಡ, ಕಾದು ಸೊಟ್ಟಗಾಗುತ್ತದೆ.

ಬಣ್ಣ ಬಳಿಯಲು ಆತುರವೂ ಬೇಡ. ಔಷಧಿ ಹಿಡಿಸಿದ ಹೊಸ ಮರ ಒಳಗೆಲ್ಲ ಒದ್ದೆ ಇರುತ್ತದೆ. ನಾನು ವಾರಕ್ಕೊಮ್ಮೆ ಹೋಗಿ ಬೆರಳಿಂದ ನೀರು ಚಿಮುಕಿಸುತ್ತಿದ್ದೆ. ಮೊದಮೊದಲು ಹನಿ ಮಣಿಯ ಹಾಗೆ ಹಾಗೇ ಕೂತಿರುತ್ತಿತ್ತು. ಐದನೇ ವಾರ ಹನಿ ಬಿದ್ದದ್ದೇ ಮರ ಕುಡಿದುಬಿಟ್ಟಿತು, ಅವತ್ತೇ ಡಬ್ಬಿ ತೆರೆದೆ. ಮೊಳೆ, ಸ್ಕ್ರೂ ಎಲ್ಲ ತುಕ್ಕು ಹಿಡಿಯದ್ದೇ ಇರಲಿ. ಬಣ್ಣ ಬಳಿಯದೆ ಹಾಗೇ ಬಿಡುವ ಮರವಾದರೆ ಬರೀ ಕಬ್ಬಿಣದ ಮೊಳೆಯಿಂದ ಕರೀ ಕಣ್ಣೀರು ಇಳಿದ ಹಾಗೆ ಕಲೆ ಬೀಳುತ್ತದೆ.

ಅಕ್ಕನಿಗೆ ಇನ್ನೊಂದು ಮಾತು. ಪಟ್ಟಿ ಅಡ್ಡ ಹಾಕಿದರೆ ಜಾಗ ಅಗಲ ಕಾಣುತ್ತದೆ, ಚೆಂದವೂ ಹೌದು. ಅವಳ ಮನೆಯ ಎರಡು ಮಂಗಗಳಿಗೆ ಮಾತ್ರ ಅದು ಏಣಿ. ರಸ್ತೆ ಬದಿಗೆ ನೆಟ್ಟಗೆ ನಿಲ್ಲಿಸಿದ ಪಟ್ಟಿಯೇ ಇರಲಿ.

ಬಳ್ಳಿಗೆ ಬೇಲಿಯಿಂದ ಎರಡು ಇಂಚು ಈಚೆ ತಂತಿ ಬಿಗಿದಿದ್ದೇನೆ, ಹಿಂದೆ ಗಾಳಿಯಾಡಿ ಮರ ಒಣಗಲಿ ಅಂತ. ಗಿಡ ನೆಟ್ಟದ್ದು ಬೇಲಿಯ ಬುಡಕ್ಕಲ್ಲ, ಒಂದೂವರೆ ಅಡಿ ಈಚೆ. ಬುಡದಲ್ಲಿ ಮಳೆ ನೀರು ಬೀಳುವುದೇ ಕಮ್ಮಿ. ವಿಸ್ಟೀರಿಯಾ ಅನ್ನುವ ಹೂಬಳ್ಳಿ ನೆಡುವ ಆಸೆ ತುಂಬಾ ಇತ್ತು. ಅದರ ಬಳ್ಳಿ ಬಲಿತರೆ ತೋಳಿನಷ್ಟು ದಪ್ಪ, ಪಟ್ಟಿಗಳನ್ನೇ ಸೀಳುತ್ತದೆ. ಮನಸ್ಸು ಗಟ್ಟಿ ಮಾಡಿ ಕ್ಲೆಮಾಟಿಸ್ ಅನ್ನುವ ತೆಳು ಹೂಬಳ್ಳಿ ಹಾಕಿದೆ. ಎಲೆಯ ತೊಟ್ಟಿನಿಂದಲೇ ತಂತಿ ಹಿಡಿದು ಏರುತ್ತಿದೆ, ಈಗ ಪುಟ್ಟಿಯ ಮೊಣಕಾಲೆತ್ತರ.

ಅಕ್ಕ ಬೇಲಿ ಹಾಕುವ ಗೆರೆಯ ಫೋಟೋ ಮಾತ್ರ ಕಳಿಸಿದ್ದಾಳೆ. ಅದರಿಂದ ನನಗೇನೂ ಗೊತ್ತಾಗಲ್ಲ. ಅಡುಗೆಮನೆ ಕಿಟಕಿಯಿಂದ ಒಂದು, ಸಂಜೆ ಕೂರುವ ಜಾಗದಲ್ಲಿ ಕುರ್ಚಿ ಹಾಕಿ ಕೂತು ಒಂದು, ಎರಡು ಫೋಟೋ ತೆಗೆದು ಕಳಿಸಲಿ. ನಿಂತು ತೆಗೆಯೋದು ಬೇಡ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಮಗ